ಹತ್ತು ಸೆಂಟಾವೊ ಸುಂಕಕ್ಕೆ ಬೊಲಿವಿಯಾ ಕಡಲನ್ನೇ ಕಳೆದುಕೊಂಡಿತೇ?

ಪ್ರಶ್ನೆ: 1879ರಲ್ಲಿ ಚಿಲಿ, ಬೊಲಿವಿಯಾ ಮತ್ತು ಪೆರು ನಡುವೆ ನಡೆದ ಪೆಸಿಫಿಕ್ ಯುದ್ಧದ ಬಗ್ಗೆ ಓದುತ್ತಿದ್ದೇನೆ. ಒಂದು ಕಡೆ, ಚಿಲಿಯ ಕಂಪನಿಯ ಮೇಲೆ ಕ್ವಿಂಟಲ್‌ಗೆ ಹತ್ತು ಸೆಂಟಾವೊ (ಅಲ್ಲಿನ ಪೈಸೆ) ನೈಟ್ರೇಟ್ ಸುಂಕ ಹಾಕಿ ಬೊಲಿವಿಯಾ ತಾನೇ ಒಪ್ಪಂದ ಮುರಿಯಿತು, ಅದರ ಫಲ ಉಂಡಿತು ಎಂದಿದೆ. ಇನ್ನೊಂದು ಕಡೆ, ಸುಂಕ ಬರೀ ನೆಪ, ಚಿಲಿಗೆ ಮೊದಲಿಂದಲೂ ಆ ನೆಲದ ಮೇಲೆ ಕಣ್ಣಿತ್ತು ಎಂದಿದೆ. ಮತ್ತೊಬ್ಬರು ಇದೆಲ್ಲ ಬ್ರಿಟಿಷ್ ಬಂಡವಾಳಗಾರರು ಆಡಿಸಿದ ಆಟ ಎನ್ನುತ್ತಾರೆ. ಚಿಲಿ ಸೇನೆ ಬಂದಿಳಿದ ಸುದ್ದಿಯನ್ನು ಬೊಲಿವಿಯಾದ ಅಧ್ಯಕ್ಷ ಕಾರ್ನಿವಲ್ ಹಬ್ಬ ಮುಗಿಯುವ ತನಕ ಬಚ್ಚಿಟ್ಟ ಎಂಬ ಕತೆಯೂ ಸಿಕ್ಕಿತು. ಯಾವುದನ್ನು ನಂಬಲಿ? ಬೊಲಿವಿಯಾಗೆ ಬೇರೆ ದಾರಿಯೇ ಇರಲಿಲ್ಲವೇ? ಕಡಲು ಮತ್ತೆ ಸಿಗುವ ಸಾಧ್ಯತೆ ಈಗೇನಾದರೂ ಇದೆಯೇ?

ಉತ್ತರ: ನೀವು ಓದಿದ ಮೂರು ವಾದಗಳಲ್ಲೂ ಒಂದೊಂದು ಚೂರು ನಿಜವಿದೆ. ಗೊಂದಲ ಆಗುತ್ತಿರುವುದು ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುವುದರಿಂದ. ಜಗಳ ಹೇಗೆ ಹತ್ತಿಕೊಂಡಿತು ಎಂಬುದು ಒಂದು ಪ್ರಶ್ನೆ. ಹತ್ತಿಕೊಂಡ ಜಗಳ ಇಡೀ ಕರಾವಳಿಯನ್ನು ನುಂಗಿದ್ದು ಯಾಕೆ ಎಂಬುದು ಬೇರೆಯದೇ ಪ್ರಶ್ನೆ. ಸುಂಕ ಮೊದಲನೆಯದಕ್ಕೆ ಉತ್ತರ ಆದೀತು, ಎರಡನೆಯದಕ್ಕೆ ಆಗದು.

ಅಕ್ಷಾಂಶ ಗುರುತಿರುವ ಭೂಪಟವೊಂದನ್ನು ಎದುರಿಗಿಟ್ಟುಕೊಂಡು ಓದಿ. ಈ ಯುದ್ಧದ ಅರ್ಧ ವಾದ ಅಲ್ಲೇ ಬಗೆಹರಿಯುತ್ತದೆ. ಸ್ಪೇನ್ ಆಳ್ವಿಕೆ ಮುಗಿದಾಗ ಅಟಕಾಮ ಮರುಭೂಮಿಯಲ್ಲಿ ಗಡಿ ಎಲ್ಲಿದೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ; ನೀರಿಲ್ಲದ, ಹುಲ್ಲೂ ಬೆಳೆಯದ ನೆಲ ಅದು. 1840ರ ಹೊತ್ತಿಗೆ ಕರಾವಳಿಯಲ್ಲಿ ಗುಡ್ಡೆಗಟ್ಟಿದ್ದ ಕಡಲಹಕ್ಕಿಗಳ ಹಿಕ್ಕೆ, ಅಂದರೆ ಗ್ವಾನೊ, ಯುರೋಪಿನ ಹೊಲಗಳಿಗೆ ಗೊಬ್ಬರವಾಗಿ ಹೊರಟಿತು ನೋಡಿ, ಆಗ ಎಲ್ಲರಿಗೂ ಗಡಿ ನೆನಪಾಯಿತು. 1842ರಲ್ಲಿ ಚಿಲಿ ಮೆಹಿಯೋನೆಸ್ ಕೊಲ್ಲಿಯವರೆಗಿನ, ಹೆಚ್ಚುಕಡಿಮೆ 23ನೇ ದಕ್ಷಿಣ ಅಕ್ಷಾಂಶದವರೆಗಿನ (ಇಲ್ಲಿ ಸಂಖ್ಯೆ ಹೆಚ್ಚಿದಂತೆ ದಕ್ಷಿಣಕ್ಕೆ ಸರಿಯುತ್ತೇವೆ), ಗ್ವಾನೊ ತನ್ನದೆಂದು ಕಾನೂನು ಮಾಡಿತು. ಬೊಲಿವಿಯಾ ಅದನ್ನು ಒಪ್ಪಲಿಲ್ಲ. 1866ರ ಒಪ್ಪಂದದಲ್ಲಿ ಗಡಿ 24ನೇ ಅಕ್ಷಾಂಶಕ್ಕೆ ನಿಂತಿತು. ಜೊತೆಗೆ, 23ರಿಂದ 25ರವರೆಗಿನ ಪಟ್ಟಿಯಲ್ಲಿ ಗ್ವಾನೊ ಮತ್ತು ಖನಿಜಗಳಿಂದ ಬರುವ ಆದಾಯ ಇಬ್ಬರಿಗೂ ಅರ್ಧರ್ಧ ಎಂದಾಯಿತು. ಒಂದೇ ಕಣಜಕ್ಕೆ ಇಬ್ಬರು ಯಜಮಾನರು! ಲೆಕ್ಕಪತ್ರದ ತಕರಾರು ಮೊದಲ ದಿನದಿಂದಲೇ ಶುರು.

ಅದನ್ನು ಬಿಡಿಸಲು ಬಂದದ್ದೇ 1874ರ ಆಗಸ್ಟ್ 6ರ ಒಪ್ಪಂದ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇದರ ನಾಲ್ಕನೇ ವಿಧಿಯಲ್ಲಿ. ಗಡಿ 24ರಲ್ಲೇ ಉಳಿಯಿತು. ಅದರ ಉತ್ತರಕ್ಕೆ 23ರವರೆಗಿನ ಪಟ್ಟಿಯ ಖನಿಜ ಸುಂಕದಲ್ಲಿ ತನ್ನ ಪಾಲನ್ನು ಚಿಲಿ ಬಿಟ್ಟುಕೊಟ್ಟಿತು. ಅದಕ್ಕೆ ಬದಲಾಗಿ ಆ ಪಟ್ಟಿಯಲ್ಲಿ ಚಿಲಿಯ ಜನ, ಉದ್ಯಮ, ಬಂಡವಾಳದ ಮೇಲೆ 25 ವರ್ಷ ಹೊಸ ತೆರಿಗೆ ಹೇರುವುದಿಲ್ಲ ಎಂದು ಬೊಲಿವಿಯಾ ಮಾತು ಕೊಟ್ಟಿತು. ಅಂದರೆ ಗಡಿಯ ಇತ್ಯರ್ಥ ಮತ್ತು ತೆರಿಗೆಯ ಭರವಸೆ ಒಂದೇ ಹಗ್ಗದ ಎರಡು ತುದಿ. ತೆರಿಗೆಯ ತುದಿ ಎಳೆದರೆ ಗಡಿಯ ತುದಿ ಅಲ್ಲಾಡುವಂತೆ ಕಟ್ಟಿದ್ದರು. ‘ಜುಜುಬಿ ಹತ್ತು ಸೆಂಟಾವೊಗಾಗಿ ಯುದ್ಧವೇ’ ಎಂದು ನಗುವವರು ಈ ಹಗ್ಗವನ್ನು ನೋಡಿರುವುದಿಲ್ಲ.

ಇಷ್ಟರಲ್ಲಿ ಗ್ವಾನೊ ಹಿಂದೆ ಬಿದ್ದು ನೈಟ್ರೇಟ್ ಮುಂದೆ ಬಂದಿತ್ತು. ಇದು ಸೋಡಿಯಂ ನೈಟ್ರೇಟ್, ಪೆಟ್ಲುಪ್ಪಿನ ದಾಯಾದಿ. ಹೊಲಕ್ಕೆ ಗೊಬ್ಬರ, ಜೊತೆಗೆ ಸ್ಫೋಟಕಕ್ಕೆ ಕಚ್ಚಾವಸ್ತು. ಮರುಭೂಮಿಯ ಮೇಲ್ಪದರದಡಿ ಗಟ್ಟಿಯಾಗಿ ಕೂತಿರುವ ಕಲೀಚೆ ಎಂಬ ಅದಿರನ್ನು ಸಿಡಿಮದ್ದು ಹಾಕಿ ಎಬ್ಬಿಸಬೇಕು, ಒಡೆದು ಪುಡಿ ಮಾಡಿ ಬಿಸಿನೀರಿನ ತೊಟ್ಟಿಗಳಲ್ಲಿ ಕುದಿಸಬೇಕು, ತಿಳಿ ಬಸಿದು ಆರಲು ಬಿಟ್ಟರೆ ಹರಳುಗಟ್ಟುತ್ತದೆ. ಚೀಲಕ್ಕೆ ತುಂಬಿ ರೈಲಿನಲ್ಲಿ ಬಂದರಿಗೆ. ಇದಕ್ಕೆ ಬಂಡವಾಳ ಬೇಕು, ಕಲ್ಲಿದ್ದಲು ಬೇಕು, ಕೂಲಿಯಾಳು ಬೇಕು. ಬೊಲಿವಿಯಾದ ಬಂದರು ಊರಾದ ಅಂತೊಫಗಸ್ತಾದಲ್ಲಿ ಈ ಮೂರೂ ಬರುತ್ತಿದ್ದುದು ಹೆಚ್ಚಾಗಿ ಚಿಲಿಯ ಕಡೆಯಿಂದ. ಕೆಲಸ ನಡೆಸುತ್ತಿದ್ದ ಅಂತೊಫಗಸ್ತಾ ನೈಟ್ರೇಟ್ ಮತ್ತು ರೈಲ್ವೆ ಕಂಪನಿಯ ಕಚೇರಿ ಇದ್ದುದು ಚಿಲಿಯ ವಾಲ್ಪರೈಸೊದಲ್ಲಿ. ಊರಿನ ಜನರಲ್ಲಿ ಬಹುಪಾಲು ಚಿಲಿಯವರೇ. ಬೊಲಿವಿಯಾದ ಪಾಲಿಗೆ ಅಲ್ಲಿ ಉಳಿದದ್ದು ಬಾವುಟ, ಪ್ರಿಫೆಕ್ಟ್ ಎಂಬ ಒಬ್ಬ ಆಡಳಿತಾಧಿಕಾರಿ, ಬೆರಳೆಣಿಕೆಯ ಪೊಲೀಸರು. ರಾಜಧಾನಿಗೂ ಈ ಕರಾವಳಿಗೂ ನಡುವೆ ಆಂಡಿಸ್ ಪರ್ವತ ಮತ್ತು ಮರುಭೂಮಿ. ಬೊಲಿವಿಯಾದ ವ್ಯಾಪಾರವೇ ಹೆಚ್ಚಾಗಿ ಪೆರುವಿನ ಆರಿಕಾ ಬಂದರಿನ ಮೂಲಕ ಸಾಗುತ್ತಿತ್ತು, ತನ್ನದೇ ಕರಾವಳಿಯಿಂದ ಅಲ್ಲ. ಯುದ್ಧದ ಆಳದ ಕಾರಣ ಕೇಳಿದರೆ, ಸುಂಕಕ್ಕಿಂತ ಮೊದಲು ಬೆರಳು ಇಡಬೇಕಾದ್ದು ಈ ಸ್ಥಿತಿಯ ಮೇಲೆ: ಕಾಗದದಲ್ಲಿ ಒಬ್ಬರ ನೆಲ, ದುಡಿಮೆಯಲ್ಲಿ ಇನ್ನೊಬ್ಬರ ನೆಲ.

ಈಗ ಸುಂಕ. 1873ರ ನವೆಂಬರ್ 27ರಂದು ಬೊಲಿವಿಯಾ ಸರ್ಕಾರ ಈ ಕಂಪನಿಗೆ 15 ವರ್ಷ ತೆರಿಗೆಯಿಲ್ಲದೆ ನೈಟ್ರೇಟ್ ತೆಗೆಯುವ ಹಕ್ಕು ಕೊಟ್ಟಿತ್ತು. 1878ರ ಫೆಬ್ರವರಿ 14ರಂದು ಶಾಸನಸಭೆ ಆ ಕರಾರಿಗೆ ಒಪ್ಪಿಗೆ ಕೊಡುತ್ತಾ, ರಫ್ತಾಗುವ ಪ್ರತಿ ಕ್ವಿಂಟಲ್‌ಗೆ ಕನಿಷ್ಠ 10 ಸೆಂಟಾವೊ ಕಟ್ಟಬೇಕೆಂಬ ಷರತ್ತು ಸೇರಿಸಿತು. (ಇದು ಸ್ಪೇನಿನ ಹಳೆಯ ಕ್ವಿಂಟಲ್, ಸುಮಾರು 46 ಕಿಲೊ. 100 ಕಿಲೊದ ಮೆಟ್ರಿಕ್ ಕ್ವಿಂಟಲ್ ಅಂದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ಅನೇಕ ಬರಹಗಳಲ್ಲಿ ಈ ಎಡವಟ್ಟು ಕಾಣಸಿಗುತ್ತದೆ.) ಬೊಲಿವಿಯಾದ ಖಜಾನೆ ಆಗ ಬರಿದಾಗಿತ್ತು. 1877ರ ಮೇ 9ರ ಭೂಕಂಪ ಮತ್ತು ಸುನಾಮಿ ಕರಾವಳಿಯ ಊರುಗಳನ್ನು ಕೆಡವಿತ್ತು, ಒಳನಾಡಿನಲ್ಲಿ ಬರ ಬಿದ್ದಿತ್ತು.

ಒಪ್ಪಂದ ಮುರಿದವರು ಯಾರು? ಚಿಲಿಯ ವಾದ ಸರಳ: ನಾಲ್ಕನೇ ವಿಧಿಯನ್ನು ಓದಿ. ಬೊಲಿವಿಯಾದ ವಾದವೂ ತೀರಾ ಪೊಳ್ಳಲ್ಲ: ಇದು ಎಲ್ಲರ ಮೇಲೆ ಹೇರಿದ ತೆರಿಗೆಯಲ್ಲ, ಒಂದು ಕರಾರನ್ನು ಒಪ್ಪಿಕೊಳ್ಳಲು ಇಟ್ಟ ಷರತ್ತು, ತಕರಾರಿದ್ದರೆ ಕಂಪನಿ ಬೊಲಿವಿಯಾದ ನ್ಯಾಯಾಲಯಕ್ಕೆ ಹೋಗಲಿ. ನನ್ನ ಎಣಿಕೆಯಲ್ಲಿ ವಿಧಿಯ ಮಾತು ಎಷ್ಟು ಸ್ಪಷ್ಟವಾಗಿದೆಯೆಂದರೆ ಈ ವಾದ ಪಂಚಾಯ್ತಿಯಲ್ಲಿ ನಿಲ್ಲುವುದು ಕಷ್ಟವಿತ್ತು. ಒಪ್ಪಂದದ ಮಾತಿಗೆ ಮೊದಲು ತಪ್ಪಿದ್ದು ಬೊಲಿವಿಯಾ ಎಂದು ಒಪ್ಪಿಕೊಂಡೇ ಮುಂದೆ ಹೋಗಬಹುದು.

ಆದರೆ ಮುಂದಿನದನ್ನು ದಿನಾಂಕ ಹಿಡಿದು ನೋಡಬೇಕು. ಚಿಲಿ ಆಕ್ಷೇಪಿಸಿದ ಮೇಲೆ ಸುಂಕದ ವಸೂಲಿ ನಿಂತಿತ್ತು. 1878ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಹಿಲಾರಿಯೋನ್ ದಾಸಾ ಸರ್ಕಾರ ಮತ್ತೆ ವಸೂಲಿಗೆ ಆದೇಶ ಹೊರಡಿಸಿತು. ಕಂಪನಿ ಕಟ್ಟಲಿಲ್ಲ. 1879ರ ಜನವರಿ 11ರಂದು, ಹಿಂದಿನ ಬಾಕಿ ಸೇರಿಸಿ 90 ಸಾವಿರ ಬೊಲಿವಿಯಾನೊಗೂ ಮೀರಿದ ಮೊತ್ತಕ್ಕೆ ಕಂಪನಿಯ ಆಸ್ತಿ ಜಪ್ತಿಯಾಯಿತು. ಫೆಬ್ರವರಿ 1ರಂದು ಕರಾರನ್ನೇ ರದ್ದು ಮಾಡಿದರು. ಫೆಬ್ರವರಿ 14ಕ್ಕೆ ಹರಾಜು ಗೊತ್ತಾಗಿತ್ತು. ಹರಾಜು ಕೂಗುವ ಬದಲು ಅಂದು ಬೆಳಿಗ್ಗೆ ಊರಿನವರು ಕಂಡದ್ದು ಬಂದರಿನಲ್ಲಿ ಚಿಲಿಯ ಯುದ್ಧನೌಕೆಗಳನ್ನು. ಕರ್ನಲ್ ಎಮಿಲಿಯೊ ಸೊತೊಮಯೋರ್ ಕೈಕೆಳಗೆ ಸುಮಾರು 200 ಸೈನಿಕರು ಇಳಿದರು. ಒಂದು ಗುಂಡೂ ಹಾರಲಿಲ್ಲ. ಊರಿನ ಜನ ತಮ್ಮವರೇ ಬಂದರೆಂದು ಬಾವುಟ ಹಾರಿಸಿ ಬರಮಾಡಿಕೊಂಡರು.

ಇಲ್ಲಿ ಭೂಪಟಕ್ಕೆ ಮರಳಿ. ಬೊಲಿವಿಯಾ ಒಪ್ಪಂದ ಮುರಿದದ್ದರಿಂದ ಒಪ್ಪಂದವೇ ಬಿದ್ದುಹೋಯಿತು, ಆದ್ದರಿಂದ 1866ಕ್ಕೂ ಮೊದಲಿದ್ದ ನಮ್ಮ ಹಕ್ಕು ಮತ್ತೆ ಜೀವ ಪಡೆಯಿತು ಎಂಬುದು ಚಿಲಿಯ ಸಮರ್ಥನೆ. ಆ ಹಕ್ಕು ಹೋಗುವುದು 23ರವರೆಗೆ. ಅಂತೊಫಗಸ್ತಾ ಇರುವುದು 23 ಡಿಗ್ರಿ 39 ಮಿನಿಟಿನಲ್ಲಿ, ಮೆಹಿಯೋನೆಸ್ 23 ಡಿಗ್ರಿ 6 ಮಿನಿಟಿನಲ್ಲಿ. ಇಲ್ಲಿಯವರೆಗೆ ‘ನಮ್ಮದನ್ನು ವಾಪಸ್ ಪಡೆದೆವು’ ಎಂಬ ಮಾತು, ಒಪ್ಪಿ ಬಿಡಿ, ತರ್ಕಕ್ಕಾದರೂ ಸಿಗುತ್ತದೆ. ಆದರೆ ಮಾರ್ಚ್‌ನಲ್ಲಿ ಚಿಲಿ ಹಿಡಿದ ಕಲಾಮಾ, ಕೊಬಿಹಾ, ತೊಕೊಪಿಯಾ ಮೂರೂ 23ರ ಉತ್ತರಕ್ಕೆ, 22ನೇ ಡಿಗ್ರಿಯಲ್ಲಿವೆ. ಮಾರ್ಚ್ 23ರಂದು ಕಲಾಮಾ ಬಳಿಯ ತೊಪಾತೆರ್‌ನಲ್ಲಿ ಬೊಲಿವಿಯಾದ ಎದುವಾರ್ದೊ ಅಬರೊವಾ ಕಾದಾಡಿ ಸತ್ತ. ಬೊಲಿವಿಯಾದಲ್ಲಿ ಇಂದಿಗೂ ಆ ದಿನವೇ ‘ಕಡಲ ದಿನ’. ಆ ನೆಲದ ಮೇಲೆ ಚಿಲಿಯ ಹಳೆಯ ಹಕ್ಕಿನ ಮಾತು ಹೊಂದುವುದಿಲ್ಲ. ಇನ್ನೂ ಉತ್ತರದ ತರಪಕಾ ಅಂತೂ ಪೆರುವಿನ ಪ್ರಾಂತ್ಯ, ಜಗತ್ತಿನ ಅತಿ ಶ್ರೀಮಂತ ನೈಟ್ರೇಟ್ ಗಣಿಗಳ ತಾಣ. ಯುದ್ಧ ಮುಗಿದಾಗ ಅದೂ ಚಿಲಿಯದಾಗಿತ್ತು. ಸುಂಕದ ತಕರಾರು ಎಲ್ಲಿ ಮುಗಿದು ನೆಲದ ಹಸಿವು ಎಲ್ಲಿ ಶುರುವಾಯಿತು ಎಂದು ಕೇಳುವವರಿಗೆ ನಾನು ತೋರಿಸುವುದು ಈ 23ನೇ ಗೆರೆಯನ್ನೇ.

ಹಾಗಂತ ಚಿಲಿ ಇಡೀ ಯುದ್ಧವನ್ನು ಮೊದಲೇ ಹೆಣೆದಿತ್ತು ಎನ್ನುವುದಕ್ಕೂ ಆಧಾರ ಗಟ್ಟಿಯಿಲ್ಲ. ಆ ಹೊತ್ತಿಗೆ ಚಿಲಿಯ ಸ್ಥಿತಿಯೂ ಹದಗೆಟ್ಟಿತ್ತು: ತಾಮ್ರದ ಬೆಲೆ ಇಳಿದಿತ್ತು, 1878ರ ಜುಲೈನಲ್ಲಿ ಬ್ಯಾಂಕ್ ನೋಟಿಗೆ ಬೆಳ್ಳಿ-ಬಂಗಾರ ಕೊಡುವುದನ್ನೇ ನಿಲ್ಲಿಸಿದ್ದರು, ಪಟಗೋನಿಯಾ ವಿಷಯದಲ್ಲಿ ಅರ್ಜೆಂಟೀನಾ ಜೊತೆ ಬೇರೆ ತಿಕ್ಕಾಟ. ಅಧ್ಯಕ್ಷ ಅನಿಬಲ್ ಪಿಂಟೊ ಯುದ್ಧಕ್ಕೆ ಹಾತೊರೆದವರಲ್ಲ. ಕಂಪನಿಯ ಷೇರುದಾರರಲ್ಲಿ ಪ್ರಭಾವಿಗಳಿದ್ದರು, ಪತ್ರಿಕೆಗಳು ಕಾವೇರಿಸಿದವು. ಗೆದ್ದಂತೆಲ್ಲ ಬೇಡಿಕೆ ಬೆಳೆಯಿತು.

ಪೆರು ಇದರೊಳಗೆ ಹೇಗೆ ಬಿತ್ತು? 1873ರ ಫೆಬ್ರವರಿ 6ರಂದು ಪೆರು ಮತ್ತು ಬೊಲಿವಿಯಾ ಗುಟ್ಟಾಗಿ ರಕ್ಷಣಾ ಒಪ್ಪಂದ ಮಾಡಿಕೊಂಡಿದ್ದವು. 1879ರಲ್ಲಿ ಪೆರು ರಾಯಭಾರಿ ಲವಾಯೆ ಸಂಧಾನಕ್ಕೆಂದು ಚಿಲಿಯ ರಾಜಧಾನಿ ಸಾಂತಿಯಾಗೊಗೆ ಹೋದಾಗ ಚಿಲಿ ಕೇಳಿದ್ದು ಒಂದೇ: ನೀವು ತಟಸ್ಥರಾಗಿರುತ್ತೀರಾ? ಒಂದು ಕಡೆಗೆ ಸೇರಿಕೊಂಡವನು ಮಧ್ಯಸ್ಥನಾಗಿ ಕೂತರೆ ಆಗುವ ಪಾಡೇ ಆಯಿತು. ಏಪ್ರಿಲ್ 5ರಂದು ಚಿಲಿ ಎರಡೂ ದೇಶಗಳ ಮೇಲೆ ಯುದ್ಧ ಸಾರಿತು.

ಬ್ರಿಟಿಷರ ಕೈವಾಡದ ವಾದ ಹಳೆಯದು. 1882ರಲ್ಲೇ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬ್ಲೇನ್, ಇದು ಚಿಲಿಯನ್ನು ಆಯುಧ ಮಾಡಿಕೊಂಡು ಇಂಗ್ಲೆಂಡ್ ಪೆರು ಮೇಲೆ ನಡೆಸಿದ ಯುದ್ಧ ಎಂದಿದ್ದರು. ಲಂಡನ್ನಿನ ಗಿಬ್ಸ್ ಸಂಸ್ಥೆಗೆ ಅಂತೊಫಗಸ್ತಾ ಕಂಪನಿಯಲ್ಲಿ ಪಾಲಿತ್ತು, ನಿಜ. ಆದರೆ ದೊಡ್ಡ ಪಾಲು ಚಿಲಿಯವರದೇ, ಮತ್ತು ಅದೇ ಗಿಬ್ಸ್ ಸಂಸ್ಥೆಗೆ ಪೆರುವಿನ ನೈಟ್ರೇಟ್ ವ್ಯವಹಾರದಲ್ಲೂ ಕೈಯಿತ್ತು. ಪೆರುವಿಗೆ ಸಾಲ ಕೊಟ್ಟವರಲ್ಲಿ ಬ್ರಿಟಿಷರೇ ಬಹಳ. ಎರಡೂ ದೋಣಿಯಲ್ಲಿ ಕಾಲಿಟ್ಟವರು ಒಂದನ್ನು ಮುಳುಗಿಸಲು ಯಾಕೆ ಹೋಗುತ್ತಾರೆ? ಅವರು ಲಾಭ ಮಾಡಿಕೊಂಡದ್ದು ಯುದ್ಧ ನಡೆಯುವಾಗ ಮತ್ತು ಮುಗಿದ ಮೇಲೆ. ಯುದ್ಧಕ್ಕೂ ಮೊದಲು ಪೆರು ಸರ್ಕಾರ ಗಣಿಗಳನ್ನು ವಶಕ್ಕೆ ಪಡೆದಾಗ ಮಾಲೀಕರಿಗೆ ಕೊಟ್ಟಿದ್ದ ಸಾಲಪತ್ರಗಳ ಬೆಲೆ ಪಾತಾಳಕ್ಕಿಳಿದಾಗ ಇಂಗ್ಲೆಂಡಿನ ಜಾನ್ ಥಾಮಸ್ ನಾರ್ತ್ ಅಂಥವರು ಅಗ್ಗಕ್ಕೆ ಕೊಂಡರು. ಪತ್ರ ಹಿಡಿದವರಿಗೇ ಗಣಿ ಎಂದು ಚಿಲಿ ತೀರ್ಮಾನಿಸಿದಾಗ ಅವರು ‘ನೈಟ್ರೇಟ್ ದೊರೆ’ಗಳಾದರು. ಲಾಭ ಪಡೆದವನೇ ಸಂಚುಗಾರ ಎಂದು ಹೇಳುವುದು ಸುಲಭ, ಸಾಬೀತು ಮಾಡುವುದು ಬೇರೆ.

ಇನ್ನು ಕಾರ್ನಿವಲ್ ಕತೆ. ಅದನ್ನು ಬಿಟ್ಟುಬಿಡಿ. ದಾಸಾ ಸುದ್ದಿಯನ್ನು ಬಚ್ಚಿಟ್ಟನೋ ಇಲ್ಲವೋ, ಅವನ ಆಡಳಿತ ಕೇಂದ್ರ ಲಾಪಾಸ್‌ಗೂ ಕರಾವಳಿಗೂ ತಂತಿ ಸಂಪರ್ಕವೇ ಇರಲಿಲ್ಲ, ನೌಕಾಪಡೆ ಇರಲಿಲ್ಲ. ಸುದ್ದಿ ತಲಪುವ ಹೊತ್ತಿಗೆ ಅಂತೊಫಗಸ್ತಾ ಕೈಬಿಟ್ಟು ದಿನಗಳೇ ಆಗಿದ್ದವು. ಹಬ್ಬದ ಎರಡು ದಿನ ಮೊದಲು ಹೇಳಿದ್ದರೂ ಮರುಭೂಮಿ ಕಿರಿದಾಗುತ್ತಿರಲಿಲ್ಲ.

ಯುದ್ಧದ ಫಲಿತಾಂಶ ನಿರ್ಧಾರವಾದದ್ದು ನೀರಿನ ಮೇಲೆ. ಅಟಕಾಮದಲ್ಲಿ ಸೇನೆ ನಡೆದು ಹೋಗಲಾರದು. ಕುಡಿಯುವ ನೀರು, ಮೇವು, ಮದ್ದುಗುಂಡು ಎಲ್ಲ ಹಡಗಿನಲ್ಲೇ ಬರಬೇಕು. ಕಡಲು ಯಾರದೋ ಮರುಭೂಮಿ ಅವರದು. ಚಿಲಿಯ ಬಳಿ ‘ಬ್ಲಾಂಕೊ ಎನ್ಕಲಾದ’ ಮತ್ತು ‘ಕೊಕ್ರೇನ್’ ಎಂಬ ಎರಡು ಹೊಸ ಕವಚನೌಕೆಗಳಿದ್ದವು (ಲೋಹದ ಹೊದಿಕೆಯ ಯುದ್ಧನೌಕೆಗಳು), ಪೆರು ಬಳಿ ‘ವಾಸ್ಕರ್’ ಮತ್ತು ‘ಇಂಡಿಪೆಂಡೆನ್ಸಿಯಾ’. ಮೇ 21ರಂದು ಪೆರುವಿನ ಇಕಿಕೆ ಬಂದರಿನಲ್ಲಿ ವಾಸ್ಕರ್ ಚಿಲಿಯ ಹಳೆಯ ಮರದ ಹಡಗು ‘ಎಸ್ಮೆರಾಲ್ದ’ವನ್ನು ಮುಳುಗಿಸಿತು, ಆದರೆ ಅದೇ ದಿನ ಇಂಡಿಪೆಂಡೆನ್ಸಿಯಾ ಪುಟ್ಟ ಹಡಗೊಂದನ್ನು ಅಟ್ಟಿಸಿಕೊಂಡು ಹೋಗಿ ಬಂಡೆಗೆ ಬಡಿದು ನಾಶವಾಯಿತು. ಪೆರುವಿನ ಅರ್ಧ ಬಲ ಅಲ್ಲಿಗೆ ಮುಗಿಯಿತು. ಪೆರುವಿನ ನೌಕಾಧಿಕಾರಿ ಮಿಗೆಲ್ ಗ್ರಾವ್ ಒಬ್ಬನೇ ವಾಸ್ಕರ್ ಇಟ್ಟುಕೊಂಡು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಚಿಲಿಯ ಸಾಗಾಟವನ್ನು ಕಾಡಿದ. ಅಕ್ಟೋಬರ್ 8ರಂದು ಅಂಗಾಮೋಸ್ ಬಳಿ ಎರಡೂ ಕವಚನೌಕೆಗಳ ನಡುವೆ ಸಿಕ್ಕಿಬಿದ್ದ. ಕಾಳಗದ ಆರಂಭದಲ್ಲೇ ಕೊಕ್ರೇನ್‌ನ ಗುಂಡೊಂದು ನೇರವಾಗಿ ಅವನು ನಿಂತು ಆಜ್ಞೆ ಕೊಡುತ್ತಿದ್ದ ಗೋಪುರಕ್ಕೆ ಬಿತ್ತು. ಅವನ ನಂತರ ಅಧಿಕಾರ ಹಿಡಿದವರೂ ಒಬ್ಬರಾದ ಮೇಲೊಬ್ಬರು ಬಿದ್ದರು. ಉಳಿದವರು ಹಡಗು ಶತ್ರುವಿನ ಕೈಗೆ ಸಿಗದಿರಲೆಂದು ತಳದ ಕವಾಟ ತೆರೆದು ನೀರು ಬಿಟ್ಟರು. ಚಿಲಿಯವರು ಹತ್ತಿ ಬಂದು ಅದನ್ನು ಮುಚ್ಚಿಸಿದರು. ವಾಸ್ಕರ್ ಇವತ್ತಿಗೂ ಚಿಲಿಯ ತಲ್ಕಾವಾನೊ ಬಂದರಿನಲ್ಲಿ ತೇಲುವ ವಸ್ತುಸಂಗ್ರಹಾಲಯ. ಅಂಗಾಮೋಸ್ ಆದ 25ನೇ ದಿನಕ್ಕೆ, ನವೆಂಬರ್ 2ರಂದು, ಚಿಲಿ ಸೇನೆ ಪೆರುವಿನ ಪಿಸಾಗ್ವಾದಲ್ಲಿ ಇಳಿಯಿತು. ಮುಂದಿನದು ಬೇಗ ಬೇಗ: 1880ರ ಮೇ 26ರಂದು ತಕ್ನಾದಲ್ಲಿ ಸೋತ ಬೊಲಿವಿಯಾ ಬೆಟ್ಟ ಹತ್ತಿ ಹೋಗಿ ಮತ್ತೆ ಕದನಕ್ಕೆ ಇಳಿಯಲಿಲ್ಲ, 1881ರ ಜನವರಿಯಲ್ಲಿ ಪೆರುವಿನ ರಾಜಧಾನಿ ಲಿಮಾ ಬಿತ್ತು.

ಬೊಲಿವಿಯಾಗೆ ಬೇರೆ ದಾರಿ ಇತ್ತೇ ಎಂದು ಕೇಳಿದ್ದೀರಿ. ಇತ್ತು, ಯಾವುದೂ ಪುಕ್ಕಟೆಯಲ್ಲ. 1874ರ ಒಪ್ಪಂದಕ್ಕೆ ಮರುವರ್ಷ ಸೇರಿಸಿದ ಕರಾರಿನ ಪ್ರಕಾರ ತಕರಾರನ್ನು ಮಧ್ಯಸ್ಥಿಕೆಗೆ ಒಯ್ಯಬಹುದಿತ್ತು. ಚಿಲಿಯೂ ಅದನ್ನು ಮುಂದಿಟ್ಟಿತ್ತು, ವಸೂಲಿ ನಿಲ್ಲಿಸಿದರೆ ಎಂಬ ಷರತ್ತಿನ ಮೇಲೆ. ಅಪಾಯವೆಂದರೆ ಪಂಚಾಯ್ತಿ ವರ್ಷಗಟ್ಟಲೆ ಎಳೆದು ಕೊನೆಗೆ ಸೋಲುವುದು, ಅಷ್ಟರವರೆಗೆ ಖಜಾನೆಗೆ ಕಾಸೂ ಇಲ್ಲ. ಆದರೆ ಸೋತರೂ ಹೋಗುತ್ತಿದ್ದುದು ಸುಂಕ, ನೆಲವಲ್ಲ. ಎರಡನೆಯದು, ಕಾನೂನನ್ನು ಪುಸ್ತಕದಲ್ಲೇ ಇಟ್ಟು ವಸೂಲಿ ಮಾಡದೆ ಸುಮ್ಮನಿರುವುದು, 1878ರ ಬಹುಪಾಲು ಹಾಗೇ ಇದ್ದಂತೆ. ದಂಗೆಯಿಂದ ಗಾದಿ ಹಿಡಿದಿದ್ದ ದಾಸಾಗೆ ಮನೆಯೊಳಗೆ ಮುಖಭಂಗವಾಗುತ್ತಿತ್ತು. ಅವನು ಆರಿಸಿದ್ದು ಮೂರನೆಯದನ್ನು: ಕರಾರನ್ನೇ ರದ್ದು ಮಾಡಿದರೆ ಸುಂಕವೂ ಇಲ್ಲ, ತಕರಾರೂ ಇಲ್ಲ ಎಂಬ ಜಾಣ ಲೆಕ್ಕ. ಚಿಲಿ ಅದನ್ನು ಓದಿದ್ದು ಆಸ್ತಿ ಕಸಿಯುವ ಹುನ್ನಾರವೆಂದು. ಸುಂಕಕ್ಕಿಂತ ಬೊಲಿವಿಯಾಗೆ ದುಬಾರಿಯಾದದ್ದು ಫೆಬ್ರವರಿ 1ರ ಈ ಆದೇಶ ಎಂದೇ ನನ್ನ ಅಭಿಪ್ರಾಯ.

ಚಿಲಿಯ ಕಡೆಯ ಒಂದು ತಮಾಷೆಯನ್ನೂ ಗಮನಿಸಿ. 1880ರ ಅಕ್ಟೋಬರ್‌ನಲ್ಲಿ ಆರಿಕಾ ಬಂದರಿನಲ್ಲಿ ಅಮೆರಿಕದ ‘ಲ್ಯಾಕವಾನ’ ಹಡಗಿನ ಮೇಲೆ ಸಂಧಾನ ನಡೆದಾಗ, ಅಮೆರಿಕವೇ ಮಧ್ಯಸ್ಥಿಕೆ ಮಾಡಲಿ ಎಂದು ಪೆರು, ಬೊಲಿವಿಯಾ ಕೇಳಿದವು. ಎರಡು ವರ್ಷದ ಹಿಂದೆ ಮಧ್ಯಸ್ಥಿಕೆ ಬೇಕೆಂದಿದ್ದ ಚಿಲಿ ಈಗ ಒಲ್ಲೆ ಎಂದಿತು. ಅದೇ ತಿಂಗಳು ಅದು ತಾನು ಹಿಡಿದ ನೆಲದ ನೈಟ್ರೇಟ್ ಮೇಲೆ ಮೆಟ್ರಿಕ್ ಕ್ವಿಂಟಲ್‌ಗೆ 1 ಪೆಸೊ 60 ಸೆಂಟಾವೊ ರಫ್ತು ಸುಂಕ ಹೇರಿತು. ಹಳೆಯ ಕ್ವಿಂಟಲ್ ಲೆಕ್ಕಕ್ಕೆ ಇಳಿಸಿದರೆ ಅದು 70 ಸೆಂಟಾವೊಗೂ ಮೇಲೆ.

ಕಡಲು ಮತ್ತೆ ಸಿಕ್ಕೀತೇ? ಈಗಿನ ಸ್ಥಿತಿಗೆ ಮೂರು ಕಾಗದಗಳು ಕಾರಣ. 1883ರ ಅಂಕೋನ್ ಒಪ್ಪಂದದಲ್ಲಿ ಪೆರು ತರಪಕಾವನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿತು. 1904ರ ಅಕ್ಟೋಬರ್ 20ರ ಒಪ್ಪಂದದಲ್ಲಿ ಬೊಲಿವಿಯಾ ತನ್ನ ಕರಾವಳಿಯನ್ನು ಬರೆದುಕೊಟ್ಟಿತು. ಪ್ರತಿಯಾಗಿ 3 ಲಕ್ಷ ಪೌಂಡ್, ಆರಿಕಾದಿಂದ ಲಾಪಾಸ್‌ಗೆ ರೈಲು (1913ರಲ್ಲಿ ಓಡಿತು), ಮತ್ತು ಚಿಲಿಯ ಬಂದರುಗಳ ಮೂಲಕ ಸರಕು ಸಾಗಿಸುವ ಶಾಶ್ವತ ಹಕ್ಕು. 1929ರಲ್ಲಿ ಚಿಲಿ ಮತ್ತು ಪೆರು, ತಕ್ನಾ ಪೆರುವಿಗೆ, ಆರಿಕಾ ಚಿಲಿಗೆ ಎಂದು ಹಂಚಿಕೊಂಡಾಗ, ಈ ನೆಲವನ್ನು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ ಎಂದು ಬರೆದುಕೊಂಡವು. ಈ ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. 1975ರಲ್ಲಿ ಬೊಲಿವಿಯಾವನ್ನು ಆಳುತ್ತಿದ್ದ ಬಾನ್ಸೆರ್ ಮತ್ತು ಚಿಲಿಯನ್ನು ಆಳುತ್ತಿದ್ದ ಪಿನೊಚೆ ಆರಿಕಾದ ಉತ್ತರಕ್ಕೆ ಬೊಲಿವಿಯಾಗೆ ಕಡಲವರೆಗಿನ ಒಂದು ಓಣಿಯ ಮಾತಾಡಿದಾಗ, ಚಿಲಿ ಬದಲಿಗೆ ಅಷ್ಟೇ ನೆಲ ಕೇಳಿತು, 1976ರಲ್ಲಿ ಪೆರು ಮೂವರೂ ಆಳುವ ಪಟ್ಟಿಯೊಂದನ್ನು ಮುಂದಿಟ್ಟಿತು, ಚಿಲಿ ಒಪ್ಪಲಿಲ್ಲ. ಓಣಿಯನ್ನು ದಕ್ಷಿಣಕ್ಕೆ ಎಳೆದರೆ ಚಿಲಿಯೇ ಎರಡು ತುಂಡು.

ನ್ಯಾಯಾಲಯದ ದಾರಿಯೂ ಆಯಿತು. 2013ರಲ್ಲಿ ಬೊಲಿವಿಯಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದದ್ದು ನೆಲ ಕೇಳಲು ಅಲ್ಲ, ಮಾತುಕತೆಗೆ ಬರುವ ಬಾಧ್ಯತೆ ಚಿಲಿಗಿದೆ ಎಂದು ಹೇಳಿಸಲು. 2018ರ ಅಕ್ಟೋಬರ್ 1ರಂದು 12-3 ಬಹುಮತದಲ್ಲಿ, ಅಂಥ ಬಾಧ್ಯತೆ ಇಲ್ಲ ಎಂದು ತೀರ್ಪಾಯಿತು. ಮಾತಾಡಲು ಅಡ್ಡಿಯಿಲ್ಲ ಎಂದೂ ಸೇರಿಸಿದರು. ಪೆರುವಿನ ಇಲೊದಲ್ಲಿ 1992ರಿಂದ ಬೊಲಿವಿಯಾಗೆ ಒಂದು ಚೂರು ಕರಾವಳಿಯ ಬಳಕೆ ಸಿಕ್ಕಿದೆ, ಒಡೆತನವಲ್ಲ. ಉಳಿದಂತೆ ಬೊಲಿವಿಯಾದ ಸರಕು ಬಹುಪಾಲು ಕಡಲು ಮುಟ್ಟುವುದು ಆರಿಕಾದಲ್ಲಿ, 1904ರ ಕಾಗದದ ಮೇಲೆ, ಚಿಲಿಗೆ ಸುಂಕ ಕಟ್ಟದೆ.